ಗಾಜಿನ ತೊಟ್ಟಿಯಲ್ಲೊಂದು ಕಿರು ಜಲಸಸ್ಯ

ಗಿಡವೆಂದೊಡನೆ ಕಾಂಡ, ಕೊಂಬೆ, ಎಲೆ ಎಂಬ ಕ್ರಮವು ಮನಸ್ಸಿಗೆ ಬರುವುದು ಸಹಜ. ಆದರೆ ಮೇಲೆದ್ದು ನಿಲ್ಲುವ ಕಾಂಡವೇ ಇಲ್ಲದೆ, ಎಲೆಗಳೆಲ್ಲ ಬುಡದ ಒಂದೇ ಬಿಂದುವಿನಿಂದ ಹೊರಟು, ಗುಲಾಬಿಯ ದಳಗಳಂತೆ ಸುತ್ತಲೂ ಹರಡಿಕೊಳ್ಳುವ ಗಿಡಗಳೂ ಉಂಟು. ಹೊಲದ ಮೂಲಂಗಿ, ಬೇಲಿಯಂಚಿನ ಲೋಳೆಸರ, ಕೆರೆಯ ನೀರಿನ ಮೇಲೆ ತೇಲುವ ಅಂತರಗಂಗೆ ಇವೆಲ್ಲ ಈ ಬಗೆಯವು. ಸಸ್ಯಶಾಸ್ತ್ರಜ್ಞರು ಇಂತಹ ಎಲೆಗಳ ಜೋಡಣೆಯನ್ನು ರೋಸೆಟ್ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಎಲೆಚಕ್ರವೆಂದರೆ ಅರ್ಥವು ಸ್ಪಷ್ಟವಾಗುತ್ತದೆ. ನೀರಿನ ಅಡಿಯಲ್ಲಿ, ತೊರೆಯ ಮರಳಿನಲ್ಲಿ ಬೇರೂರಿ, ಅತ್ಯಂತ ನಿಧಾನವಾಗಿ ಬೆಳೆಯುವ ಎಲೆಚಕ್ರದ ಒಂದು ಸಸ್ಯಜಾತಿಯ ಪರಿಚಯವನ್ನೂ, ಅದನ್ನು ಶಾಲೆಯ ಗಾಜಿನ ತೊಟ್ಟಿಯಲ್ಲಿ ಬೆಳೆಸುವ ಕ್ರಮವನ್ನೂ ವಿವರಿಸುವುದು ಈ ಲೇಖನದ ಉದ್ದೇಶ.

ಈ ಸಸ್ಯಜಾತಿಯ ಹೆಸರು ಕ್ರಿಪ್ಟೋಕೊರೈನ್. ಇದು ಕೆಸುವಿನ ಕುಟುಂಬಕ್ಕೆ ಸೇರಿದ್ದು. ಪತ್ರೊಡೆಗೆ ಒದಗುವ ಕೆಸು, ಪಲ್ಯಕ್ಕೆ ಒದಗುವ ಸುವರ್ಣಗಡ್ಡೆ, ಕೆರೆಯನ್ನು ಮುಚ್ಚುವ ಅಂತರಗಂಗೆ ಇವೆಲ್ಲ ಅದೇ ಮನೆತನದ ಬಂಧುಗಳು. ಒಂದೇ ಕುಲದಲ್ಲಿ ಹುಟ್ಟಿದರೂ ಅಂತರಗಂಗೆಗೂ ಕ್ರಿಪ್ಟೋಕೊರೈನಿಗೂ ಸ್ವಭಾವದಲ್ಲಿ ಅಜಗಜಾಂತರ. ಅನುಕೂಲ ದೊರೆತರೆ ಅಂತರಗಂಗೆಯು ಕೆಲವೇ ವಾರಗಳಲ್ಲಿ ಇಮ್ಮಡಿಯಾಗಿ ನೀರಿನ ಮೇಲ್ಮೈಯನ್ನೆಲ್ಲ ಆಕ್ರಮಿಸುತ್ತದೆ. ಕ್ರಿಪ್ಟೋಕೊರೈನಿನ ಚಿಕ್ಕ ಪ್ರಭೇದಗಳಾದರೋ ತಿಂಗಳಿಗೆ ಒಂದೋ ಎರಡೋ ಎಲೆಗಳನ್ನು ತೆರೆದು ಅಷ್ಟಕ್ಕೇ ತೃಪ್ತಿಪಡುತ್ತವೆ. ಜನರ ಬಾಯಲ್ಲಿ ನೇರಳೆ ಹೂವಿನ ಜಲಕಳೆಗೂ ಕೆಲವೆಡೆ ಅಂತರಗಂಗೆಯೆಂಬ ಹೆಸರೇ ಉಂಟಾದರೂ ಅದು ದಕ್ಷಿಣ ಅಮೆರಿಕದಿಂದ ಬಂದ ಬೇರೆಯೇ ಕುಟುಂಬದ ಸಸ್ಯ. ಇಲ್ಲಿ ಹೇಳಿದ್ದು ಎಲೆಕೋಸಿನ ಮರಿಯಂತೆ ತೇಲುವ ನಿಜವಾದ ಅಂತರಗಂಗೆ.

ಹೆಸರು ಮತ್ತು ನೆಲೆ

ಕ್ರಿಪ್ಟೋಕೊರೈನ್ ಎಂಬುದು ಗ್ರೀಕ್ ಭಾಷೆಯ ಎರಡು ಪದಗಳ ಸಮಾಸ. ಕ್ರಿಪ್ಟೋಸ್ ಎಂದರೆ ಗುಪ್ತವಾದದ್ದು, ಕೊರೈನೆ ಎಂದರೆ ಗದೆ. ಗುಪ್ತಗದೆ ಎಂಬುದು ಇದರ ಯಥಾರ್ಥ ಅನುವಾದ. ಕೆಸುವಿನ ಕುಟುಂಬದ ಹೂಗಳು ಒಂದು ದಿಂಡಿನ ಮೇಲೆ ಸಾಲಾಗಿ ಕುಳಿತಿರುತ್ತವೆ. ಅದನ್ನು ಹಾಳೆಯಂತಹ ಒಂದು ಹೊದಿಕೆಯು ಸುತ್ತುವರಿದಿರುತ್ತದೆ. ಸುವರ್ಣಗಡ್ಡೆಯಲ್ಲಿ ಈ ದಿಂಡು ಎಲ್ಲರಿಗೂ ಕಾಣುವಂತೆ ಗದೆಯಾಗಿ ಹೊರಗೆ ನಿಲ್ಲುತ್ತದೆ. ಕ್ರಿಪ್ಟೋಕೊರೈನಿನಲ್ಲಿ ಅದು ಹೊದಿಕೆಯ ಬುಡದ ಪುಟ್ಟ ಕುಂಭದೊಳಗೆ ಅಡಗಿಬಿಟ್ಟಿರುತ್ತದೆ. ಹೆಸರಿಟ್ಟವರ ಔಚಿತ್ಯಪ್ರಜ್ಞೆಯನ್ನು ಮೆಚ್ಚಬೇಕು.

ಈ ಹೂವಿನ ರಚನೆಯು ಪ್ರಕೃತಿಯ ಕೌಶಲಕ್ಕೊಂದು ಉತ್ತಮ ನಿದರ್ಶನ. ಹೊದಿಕೆಯು ಕಹಳೆಯಂತೆ ನೀರಿನಿಂದ ಮೇಲೆದ್ದು ಬಾಯಿ ತೆರೆಯುತ್ತದೆ. ಅದರ ವಾಸನೆಗೆ ಮರುಳಾದ ಸಣ್ಣ ನೊಣಗಳು ಕೊಳವೆಯೊಳಗೆ ಜಾರಿ ಕುಂಭವನ್ನು ಸೇರುತ್ತವೆ. ಅಲ್ಲಿ ಕೆಳಗೆ ಹೆಣ್ಣುಹೂಗಳ ಸುತ್ತೊಂದು, ಮೇಲೆ ಗಂಡುಹೂಗಳ ಗುಂಪೊಂದು ಇರುತ್ತವೆ. ಹೆಣ್ಣುಹೂಗಳು ಮೊದಲು ಪಕ್ವವಾಗುವುದರಿಂದ ಹೊರಗಿನಿಂದ ಬಂದ ಕೀಟವು ತಂದ ಪರಾಗವು ಅವಕ್ಕೆ ಸಲ್ಲುತ್ತದೆ. ಅನಂತರ ಗಂಡುಹೂಗಳು ಪರಾಗವನ್ನು ಸುರಿಸುತ್ತವೆ. ಸೆರೆಯಿಂದ ಬಿಡುಗಡೆ ಹೊಂದಿದ ಕೀಟವು ಅದನ್ನು ಹೊತ್ತು ಮತ್ತೊಂದು ಗಿಡಕ್ಕೆ ಸಾಗುತ್ತದೆ. ಒಂದೇ ಹೂಗೊಂಚಲಿನೊಳಗೆ ಸ್ವಕೀಯ ಪರಾಗಸ್ಪರ್ಶವಾಗದಂತೆ ಕಾಲದ ಅಂತರವೇ ಇಲ್ಲಿ ಕಾವಲು ನಿಂತಿದೆ.

ಅರವತ್ತಕ್ಕೂ ಹೆಚ್ಚು ಪ್ರಭೇದಗಳುಳ್ಳ ಈ ಜಾತಿಯು ಭಾರತ, ಸಿಂಹಳದಿಂದ ಮೊದಲ್ಗೊಂಡು ಮಲಯ, ಬೋರ್ನಿಯೊ, ನ್ಯೂಗಿನಿಗಳವರೆಗೆ ಹರಡಿದೆ. ಕನ್ನಡ ನಾಡಿಗೂ ಇದು ಹೊರಗಿನದಲ್ಲ. ಕ್ರಿಪ್ಟೋಕೊರೈನ್ ರೆಟ್ರೋಸ್ಪೈರಾಲಿಸ್, ಕ್ರಿಪ್ಟೋಕೊರೈನ್ ಸ್ಪೈರಾಲಿಸ್ ಎಂಬ ಪ್ರಭೇದಗಳು ಪಶ್ಚಿಮಘಟ್ಟದ ಹೊಳೆಗಳ ಮರಳು, ಬಂಡೆಗಳ ಸಂದು ಹಾಗೂ ಗದ್ದೆಯಂಚಿನ ಕಾಲುವೆಗಳಲ್ಲಿ ಬೆಳೆಯುತ್ತವೆ. ಇವುಗಳ ಹೊದಿಕೆಯ ತುದಿ ಸುರುಳಿಯಾಗಿ ತಿರುಚಿಕೊಂಡಿರುವುದರಿಂದಲೇ ಈ ಹೆಸರುಗಳು ಬಂದವು. ಇವುಗಳ ಹತ್ತಿರದ ಬಂಧುವಾದ ಲ್ಯಾಜೆನಾಂಡ್ರಾ ಎಂಬ ಜಾತಿಯೂ ಘಟ್ಟದ ತೊರೆಗಳ ನಿವಾಸಿಯೇ. ಕರ್ನಾಟಕ ಮತ್ತು ಕೇರಳದ ಘಟ್ಟಪ್ರದೇಶಕ್ಕೆ ಸೀಮಿತವಾದ ಲ್ಯಾಜೆನಾಂಡ್ರಾ ಮೀಬೋಲ್ಡಿ ಎಂಬ ಕಿರುಸಸ್ಯವು ಜರ್ಮನಿಯ ಸಸ್ಯಸಂಗ್ರಾಹಕ ಆಲ್ಫ್ರೆಡ್ ಮೀಬೋಲ್ಡನ ಹೆಸರನ್ನು ಹೊತ್ತಿದೆ. ಅದರ ಕೆಂಪು ಎಲೆಯ ತಳಿಯು ಇಂದು ದೇಶವಿದೇಶಗಳ ಮತ್ಸ್ಯಪ್ರಿಯರ ತೊಟ್ಟಿಗಳಲ್ಲಿ ಶೋಭಿಸುತ್ತಿದೆ. ಈ ಎರಡು ಜಾತಿಗಳನ್ನು ಬೇರ್ಪಡಿಸಲು ಎಳೆಯ ಎಲೆಯೊಂದೇ ಸಾಕು: ಕ್ರಿಪ್ಟೋಕೊರೈನಿನ ಎಳೆಯೆಲೆಯು ಒಂದು ಅಂಚಿನಿಂದ ಚಾಪೆಯಂತೆ ಸುತ್ತಿಕೊಂಡಿರುತ್ತದೆ, ಲ್ಯಾಜೆನಾಂಡ್ರಾದಲ್ಲಿ ಎರಡೂ ಅಂಚುಗಳು ಒಳಮುಖವಾಗಿ ನಡುವಿನತ್ತ ಸುತ್ತಿಕೊಂಡಿರುತ್ತವೆ.

ಶಾಲೆಯ ತೊಟ್ಟಿಗೆ ಒಪ್ಪುವ ಪ್ರಭೇದಗಳು ಎರಡು. ಒಂದು ಕ್ರಿಪ್ಟೋಕೊರೈನ್ ಪಾರ್ವಾ. ಪಾರ್ವಾ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಚಿಕ್ಕದು. ಶ್ರೀಲಂಕೆಯ ಮಧ್ಯಭಾಗದ ನದೀದಂಡೆಗಳ ಈ ಸಸ್ಯವನ್ನು 1970ರಲ್ಲಿ ಹಾಲೆಂಡಿನ ಸಸ್ಯಶಾಸ್ತ್ರಜ್ಞ ಡಿ ವಿಟ್ ಹೆಸರಿಸಿದರು. ತನ್ನ ಜಾತಿಯಲ್ಲೇ ಅತಿ ಚಿಕ್ಕದಾದ ಇದು ಸಾಮಾನ್ಯವಾಗಿ ಎರಡು ಮೂರು ಅಂಗುಲಕ್ಕಿಂತ ಎತ್ತರಕ್ಕೆ ಏರುವುದಿಲ್ಲ. ಮತ್ತೊಂದು ಅವರೇ 1958ರಲ್ಲಿ ಹೆಸರಿಸಿದ, ಅದೇ ದ್ವೀಪದ ಕ್ರಿಪ್ಟೋಕೊರೈನ್ ವೆಂಡ್ಟಿ. ಇದು ಕೊಂಚ ದೊಡ್ಡದು, ಹೆಚ್ಚು ಸಹನಶೀಲ. ಹೊಸಬರು ಇದರಿಂದ ಆರಂಭಿಸುವುದು ಕ್ಷೇಮ.

ನಿಧಾನದ ಕಾರಣ

ಈ ಗಿಡವು ಏಕೆ ಇಷ್ಟು ಮಂದಗತಿಯದು ಎಂಬುದನ್ನು ತಿಳಿದರೆ ಅದರ ಪೋಷಣೆಯ ಅರ್ಧ ಭಾಗವನ್ನು ತಿಳಿದಂತೆಯೇ. ಮರಗಳ ದಟ್ಟ ನೆರಳಿನಲ್ಲಿ ಹರಿಯುವ ತೊರೆಯೇ ಇದರ ತವರು. ಅಲ್ಲಿ ಬೆಳಕು ಕಡಿಮೆ. ದ್ಯುತಿಸಂಶ್ಲೇಷಣೆಗೆ ಬೇಕಾದ ಇಂಗಾಲದ ಡೈ ಆಕ್ಸೈಡ್ ಅನಿಲವು ಗಾಳಿಗಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಾಲು ನಿಧಾನವಾಗಿ ಪಸರಿಸುತ್ತದೆ. ಗಳಿಕೆ ಅಲ್ಪವಾದಾಗ ವ್ಯಯವೂ ಅಲ್ಪವಾಗಿರಬೇಕಷ್ಟೆ. ಈ ಸಸ್ಯವು ಎಲೆಯನ್ನು ಅಪರೂಪಕ್ಕೆ ತೆರೆಯುತ್ತದೆ. ತೆರೆದ ಎಲೆಯನ್ನು ಬಹುಕಾಲ ಉಳಿಸಿಕೊಳ್ಳುತ್ತದೆ. ಗಳಿಸಿದ ಪಿಷ್ಟದಲ್ಲಿ ಒಂದು ಪಾಲನ್ನು ಮರಳಿನಡಿಯ ಗುಪ್ತಕಾಂಡದಲ್ಲಿ ಕೂಡಿಡುತ್ತದೆ.

ಈ ಉಳಿತಾಯಕ್ಕೂ ಕಾರಣವಿದೆ. ಮುಂಗಾರಿನಲ್ಲಿ ಘಟ್ಟದ ಹೊಳೆಯು ಉಕ್ಕಿ ಹರಿಯುವಾಗ ಗಿಡವು ಸಂಪೂರ್ಣ ಮುಳುಗಿರುತ್ತದೆ. ಮಳೆ ನಿಂತು ನೀರು ಇಳಿದಾಗ ಅದು ಗಾಳಿಗೆ ತೆರೆದುಕೊಂಡು ಹೂ ಬಿಡುತ್ತದೆ. ನೀರಿನೊಳಗಿನ ಎಲೆ ತೆಳುವಾದದ್ದು. ನೀರಿನಲ್ಲಿ ಕರಗಿದ ಅನಿಲ, ಲವಣಗಳನ್ನು ಮೈಯಿಂದಲೇ ಹೀರಬಲ್ಲದು. ಗಾಳಿಯಲ್ಲಿ ಬೆಳೆದ ಎಲೆ ಬಿಗುವಾದದ್ದು. ಒಣಗದಂತೆ ಮೇಣದ ಲೇಪವುಳ್ಳದ್ದು. ಕೆಸುವಿನ ಎಲೆಯ ಮೇಲೆ ನೀರು ನಿಲ್ಲದೆ ಉರುಳುವುದನ್ನು ಬಲ್ಲವರಿಗೆ ಈ ಲೇಪದ ಪ್ರಯೋಜನವನ್ನು ಬಿಡಿಸಿ ಹೇಳಬೇಕಾಗಿಲ್ಲ. ಋತು ಬದಲಾದಾಗ ಹಳೆಯ ಎಲೆಗಳನ್ನು ತ್ಯಜಿಸಿ, ಹೊಸ ಪರಿಸ್ಥಿತಿಗೆ ಹೊಂದುವ ಎಲೆಗಳನ್ನು ಹೊಸದಾಗಿ ಹೊರಡಿಸಬೇಕು. ಅದಕ್ಕೆ ಬೇಕಾದ ಬಂಡವಾಳವೇ ಗುಪ್ತಕಾಂಡದಲ್ಲಿರುವ ಪಿಷ್ಟ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ಗಿಡದ ಕರಗುವಿಕೆಯು ಭಯವನ್ನು ಉಂಟುಮಾಡುವುದಿಲ್ಲ.

ತೊಟ್ಟಿ, ನೀರು ಮತ್ತು ತಳಹಾಸು

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ಗಾಜಿನ ತೊಟ್ಟಿಯು ಶಾಲೆಗೆ ಸಾಕು. ಇದರ ಪೂರ್ಣ ಅಳತೆ ಸುಮಾರು 70 ಲೀಟರ್. ತಳಹಾಸು ಮತ್ತು ಮೇಲಿನ ಖಾಲಿ ಜಾಗವನ್ನು ಕಳೆದರೆ ನಿಲ್ಲುವ ನೀರು ಸುಮಾರು 55 ಲೀಟರ್. ಮರಳು, ಗಾಜು ಸೇರಿ ಭಾರವು ಒಂದು ಕ್ವಿಂಟಾಲಿನ ಹತ್ತಿರ ಬರುವುದರಿಂದ ಅಲುಗದ ಕಬ್ಬಿಣದ ನಿಲುವು ಅಥವಾ ಕಲ್ಲುಚಪ್ಪಡಿಯ ಕಟ್ಟೆಯ ಮೇಲೆ ಇಡಬೇಕು. ಕಿಟಕಿಯ ನೇರ ಬಿಸಿಲು ಬೀಳುವ ಸ್ಥಳವು ಸರ್ವಥಾ ವರ್ಜ್ಯ.

ನೀರಿನ ವಿಚಾರದಲ್ಲಿ ಬೆಂಗಳೂರಿನ ಉತ್ತರಭಾಗದ ಶಾಲೆಗಳಿಗೆ ವಿಶೇಷ ಎಚ್ಚರ ಅಗತ್ಯ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯ ನೀರು ಹೆಸರಘಟ್ಟದ ಕೆರೆಯಿಂದ 1896ರಲ್ಲಿ ನಗರಕ್ಕೆ ಹರಿದು ಬಂದಿತು. 1974ರಲ್ಲಿ ಕಾವೇರಿಯ ಮೊದಲ ಹಂತದ ನೀರು ಬಂದಿತು. ಹೀಗಿದ್ದರೂ ಯಲಹಂಕ, ಹೆಬ್ಬಾಳ, ಯಶವಂತಪುರದ ಸುತ್ತಲಿನ ಅನೇಕ ಬಡಾವಣೆಗಳೂ ವಿದ್ಯಾಸಂಸ್ಥೆಗಳೂ ಕೊಳವೆಬಾವಿಯನ್ನೇ ಅವಲಂಬಿಸಿ ಬೆಳೆದವು. ಆಳದ ಬಂಡೆಗಳ ಸಂದಿನಿಂದ ಬರುವ ಆ ನೀರು ಬಹುಮಟ್ಟಿಗೆ ಗಡಸು. ಸಾಬೂನಿನ ನೊರೆ ಏಳದಿರುವುದು, ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಪೊರೆ ಕಟ್ಟುವುದು ಇದರ ಲಕ್ಷಣ. ವೆಂಡ್ಟಿಯು ಸಾಧಾರಣ ಗಡಸುತನವನ್ನು ತಾಳಬಲ್ಲದು. ಮಿತಿಮೀರಿದ ಗಡಸುತನವು ಯಾವ ಗಿಡಕ್ಕೂ ಹಿತವಲ್ಲ.

ಇದಕ್ಕೆ ಪರಿಹಾರ ಶಾಲೆಯ ಮಾಳಿಗೆಯ ಮೇಲೆಯೇ ಬೀಳುತ್ತದೆ. ನೂರು ಚದರ ಮೀಟರಿನ ಛಾವಣಿಯ ಮೇಲೆ ಒಂದು ಸೆಂಟಿಮೀಟರ್ ಮಳೆಯಾದರೆ ಅದು ಒಂದು ಸಾವಿರ ಲೀಟರ್ ನೀರು. ಮೊದಲ ಮಳೆಯ ಕೊಳೆನೀರನ್ನು ಹರಿಯಬಿಟ್ಟು, ಅನಂತರದ ನೀರನ್ನು ಬಟ್ಟೆಯಲ್ಲಿ ಸೋಸಿ, ಮುಚ್ಚಿದ ಪೀಪಾಯಿಗಳಲ್ಲಿ ಕೂಡಿಟ್ಟರೆ ವರ್ಷದ ಅಗತ್ಯವು ಸುಲಭವಾಗಿ ಪೂರೈಸುತ್ತದೆ. ಕೊಳವೆಬಾವಿಯ ನೀರಿಗೆ ಸಮಪ್ರಮಾಣದ ಮಳೆನೀರನ್ನು ಬೆರೆಸಿದರೆ ಗಡಸುತನವು ಅರ್ಧದಷ್ಟು ಇಳಿಯುತ್ತದೆ. ಕೊಳಾಯಿಯ ಕಾವೇರಿ ನೀರು ಮೆದುವಾದರೂ ಅದರಲ್ಲಿ ಕ್ಲೋರಿನ್ ಇರುವುದರಿಂದ ಒಂದು ದಿನ ಅಗಲ ಬಾಯಿಯ ಪಾತ್ರೆಯಲ್ಲಿ ತೆರೆದಿಟ್ಟು ಬಳಸಬೇಕು. ತುರ್ತಿದ್ದಲ್ಲಿ, ಹಿಂದೆ ಛಾಯಾಗ್ರಾಹಕರು ಹೈಪೊ ಎಂದು ಬಳಸುತ್ತಿದ್ದ ಸೋಡಿಯಂ ಥಯೋಸಲ್ಫೇಟಿನ ಕೆಲವೇ ಹರಳುಗಳು ಕ್ಲೋರಿನನ್ನು ಕೂಡಲೇ ನಿವಾರಿಸುತ್ತವೆ.

ತಳಹಾಸಿಗೆ ಎರಡು ಮಿಲಿಮೀಟರ್ ಗಾತ್ರದ, ಸ್ವಚ್ಛವಾಗಿ ತೊಳೆದ ಒರಟು ಮರಳು ಉತ್ತಮ. ಮರಳಿನಲ್ಲಿ ಸುಣ್ಣದ ಅಂಶ ಇದೆಯೇ ಎಂದು ತಿಳಿಯಲು ನಾಲ್ಕು ಹನಿ ನಿಂಬೆರಸವನ್ನು ಹಿಂಡಿದರೆ ಸಾಕು. ಗುಳ್ಳೆಗಳೆದ್ದರೆ ಆ ಮರಳು ನೀರನ್ನು ಇನ್ನೂ ಗಡಸು ಮಾಡುತ್ತದೆ, ಬೇಡ. ಕ್ರಿಪ್ಟೋಕೊರೈನ್ ತನ್ನ ಆಹಾರದ ಬಹುಪಾಲನ್ನು ಬೇರಿನಿಂದಲೇ ಹೀರುವುದರಿಂದ ತಳಹಾಸು ಎರಡೂವರೆ ಅಂಗುಲದಷ್ಟಾದರೂ ದಪ್ಪವಿರಬೇಕು. ಬರಿಯ ಮರಳಿನಲ್ಲಿ ಸತ್ವವಿಲ್ಲ. ಬೆಂಗಳೂರಿನ ಸುತ್ತಲಿನ ಕೆಮ್ಮಣ್ಣು ಇಲ್ಲಿ ಉಪಕಾರಕ್ಕೆ ಬರುತ್ತದೆ. ಅದರ ಕೆಂಪು ಬಣ್ಣವೇ ಕಬ್ಬಿಣದ ಅಂಶದ ಗುರುತು. ಗೊಬ್ಬರ ಬೀಳದ ಜಾಗದ ಕೆಮ್ಮಣ್ಣನ್ನು ಜರಡಿ ಹಿಡಿದು, ಕಲಸಿ, ಗೋಲಿಯ ಗಾತ್ರದ ಉಂಡೆಗಳನ್ನು ಮಾಡಿ, ಚೆನ್ನಾಗಿ ಒಣಗಿಸಿ, ಗಿಡದ ಬುಡದ ಬಳಿ ಮರಳಿನ ಆಳಕ್ಕೆ ಒತ್ತಬೇಕು. ಗಾಳಿಯಾಡದ ಆ ಆಳದಲ್ಲಿ ಕಬ್ಬಿಣವು ಕರಗುವ ರೂಪಕ್ಕೆ ಬಂದು ಬೇರಿಗೆ ದೊರೆಯುತ್ತದೆ. ಸತ್ವ ಹೆಚ್ಚಲೆಂದು ಕೊಟ್ಟಿಗೆ ಗೊಬ್ಬರವನ್ನಾಗಲಿ ಯೂರಿಯವನ್ನಾಗಲಿ ಬೆರೆಸಿದರೆ ಅಮೋನಿಯ ಹುಟ್ಟಿ ಮೀನುಗಳು ಒಂದೇ ರಾತ್ರಿಯಲ್ಲಿ ಸಾಯುತ್ತವೆ. ಹೊಲದ ನ್ಯಾಯವು ತೊಟ್ಟಿಗೆ ಸಲ್ಲದು.

ನೆಡುವಿಕೆ ಮತ್ತು ಬೆಳಕು

ಗಿಡವನ್ನು ವಿಶ್ವಾಸಾರ್ಹ ಬೆಳೆಗಾರರಿಂದ ಪಡೆಯಬೇಕು. ಇಂದು ಅಂಗಾಂಶ ಕೃಷಿಯಿಂದ ಬೆಳೆಸಿದ ಎಳೆಯ ಗಿಡಗಳು ಚಿಕ್ಕ ಡಬ್ಬಿಗಳಲ್ಲಿ ದೊರೆಯುತ್ತವೆ. ಇವುಗಳೊಡನೆ ಪಾಚಿಯಾಗಲಿ ಬಸವನಹುಳುವಾಗಲಿ ಬರುವುದಿಲ್ಲ. ಬೇರಿಗೆ ಅಂಟಿದ ಲೋಳೆಯನ್ನು ತಿಳಿನೀರಿನಲ್ಲಿ ಮೃದುವಾಗಿ ತೊಳೆಯಬೇಕು. ಕುಂಡದ ಗಿಡವಾದರೆ ಬೇರಿಗೆ ಸುತ್ತಿದ ನಾರನ್ನು ಬಿಡಿಸಿ, ಉದ್ದದ ಬೇರುಗಳನ್ನು ಒಂದಂಗುಲಕ್ಕೆ ಕತ್ತರಿಸಬೇಕು. ತೊಟ್ಟಿಗೆ ನಾಲ್ಕಂಗುಲ ಮಾತ್ರ ನೀರು ತುಂಬಿ, ಚಿಮುಟದಿಂದ ಹಿಡಿದು, ಒಂದೂವರೆ ಅಂಗುಲ ಅಂತರದಲ್ಲಿ ನೆಡಬೇಕು. ಬೇರು ಮರಳಿನೊಳಗೆ, ಎಲೆಗಳು ಹೊರಡುವ ಬುಡವು ಮರಳಿನ ಮೇಲೆ ಇರಬೇಕು. ಬುಡವು ಹೂತುಹೋದರೆ ಕೊಳೆಯುತ್ತದೆ. ಅನಂತರ ತಳದಲ್ಲೊಂದು ತಟ್ಟೆಯನ್ನಿಟ್ಟು ಅದರ ಮೇಲೆ ಸಣ್ಣ ಧಾರೆಯಾಗಿ ನೀರು ತುಂಬಿದರೆ ಮರಳು ಕದಡದು.

ಬೆಳಕಿಗೆ ಸಾಧಾರಣ ಎಲ್.ಇ.ಡಿ. ದೀಪವೊಂದು ಸಾಕು, ದಿನಕ್ಕೆ ಏಳೆಂಟು ಗಂಟೆಗಳಿಗಿಂತ ಹೆಚ್ಚು ಬೇಡ. ಗಂಟೆ ಬಾರಿಸುವ ಜವಾನನ ನೆನಪಿಗೆ ಇದನ್ನು ಬಿಡದೆ ಟೈಮರ್ ಅಳವಡಿಸುವುದು ಲೇಸು. ಹೆಚ್ಚು ಬೆಳಕಿತ್ತರೆ ಗಿಡವು ಬೇಗ ಬೆಳೆಯುತ್ತದೆಂಬ ಊಹೆಯೇ ಈ ಕೆಲಸದಲ್ಲಿ ಆಗುವ ಪ್ರಮಾದಗಳಲ್ಲಿ ಮುಖ್ಯವಾದದ್ದು. ಹೆಚ್ಚಿನ ಬೆಳಕನ್ನು ಬಳಸಿಕೊಳ್ಳುವ ವೇಗ ಈ ಗಿಡಕ್ಕಿಲ್ಲ. ಉಳಿದ ಬೆಳಕು ಪಾಚಿಯ ಪಾಲಾಗುತ್ತದೆ; ತಿಂಗಳುಗಟ್ಟಲೆ ಉಳಿಯುವ ಎಲೆಯ ಮೇಲೆ ಪಾಚಿಯು ಗಟ್ಟಿಯಾಗಿ ನೆಲೆಯೂರಿ ಎಲೆಯನ್ನೇ ಉಸಿರುಗಟ್ಟಿಸುತ್ತದೆ.

ಇಲ್ಲಿಯೇ ಅಂತರಗಂಗೆಯು ಮತ್ತೆ ನೆರವಿಗೆ ಬರುತ್ತದೆ. ಮೀನಿನ ತ್ಯಾಜ್ಯದಿಂದ ಹುಟ್ಟುವ ಅಮೋನಿಯವನ್ನು ಸೂಕ್ಷ್ಮಜೀವಿಗಳು ಮೊದಲು ನೈಟ್ರೈಟ್ ಆಗಿಯೂ ಅನಂತರ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಆ ನೈಟ್ರೇಟನ್ನು ಯಾರಾದರೂ ಉಣ್ಣಬೇಕು. ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದಿಂದ ಬರುವ ನೀರನ್ನು ಜೊಂಡು ಮೊದಲಾದ ಸಸ್ಯಗಳ ಜೌಗಿನ ಮೂಲಕ ಹಾಯಿಸಿ, ಕೆರೆಗೆ ಸೇರುವ ಮುನ್ನ ಅದರಲ್ಲಿ ಉಳಿದ ಪೋಷಕಾಂಶಗಳನ್ನು ಸಸ್ಯಗಳೇ ಹೀರುವಂತೆ ಮಾಡಿದ್ದು ಇದೇ ತತ್ತ್ವದ ಮೇಲೆ. ಮಂದಗತಿಯ ಕ್ರಿಪ್ಟೋಕೊರೈನಿಗೆ ಅಷ್ಟು ಹಸಿವಿಲ್ಲ. ಆದಕಾರಣ ಮೊದಲ ಕೆಲವು ತಿಂಗಳು ನಾಲ್ಕಾರು ಅಂತರಗಂಗೆಯ ಗಿಡಗಳನ್ನು ಮೇಲೆ ತೇಲಬಿಟ್ಟರೆ ಅವು ನೈಟ್ರೇಟನ್ನು ಹೀರುತ್ತವೆ; ತೊರೆಯಂಚಿನ ಮರಗಳಂತೆ ನೆರಳನ್ನೂ ನೀಡುತ್ತವೆ. ಅವು ಮೇಲ್ಮೈಯ ಮೂರನೆಯ ಒಂದು ಭಾಗವನ್ನು ಮೀರದಂತೆ ಪ್ರತಿ ವಾರ ತೆಗೆಯುತ್ತಿರಬೇಕು. ಕೆರೆಗೆ ಶತ್ರುವಾದದ್ದೇ ತೊಟ್ಟಿಯಲ್ಲಿ ಅಂಕೆಯಲ್ಲಿದ್ದರೆ ಮಿತ್ರ.

ಮೀನುಗಳು ಮಿತವಾಗಿರಲಿ. ನೀರು ತುಂಬಿದ ನಾಲ್ಕರಿಂದ ಆರು ವಾರಗಳ ಅನಂತರ, ಭಾರತದ್ದೇ ಆದ ಜೀಬ್ರಾ ಡೇನಿಯೊ ಮೀನುಗಳನ್ನು ಎಂಟು ಹತ್ತರಷ್ಟು ಬಿಡಬಹುದು. ಹೊಂಬಣ್ಣದ ಗೋಲ್ಡ್‌ಫಿಷ್ ನೋಟಕ್ಕೆ ಚೆಲುವಾದರೂ ಮರಳನ್ನು ಕೆದಕಿ ಗಿಡಗಳನ್ನು ಬುಡಸಹಿತ ಎಬ್ಬಿಸುತ್ತದೆ. ವಾರಕ್ಕೊಮ್ಮೆ ನಾಲ್ಕನೆಯ ಒಂದು ಭಾಗ, ಅಂದರೆ ಸುಮಾರು ಒಂದು ಬಕೆಟ್ ನೀರನ್ನು ತೆಗೆದು ಹೊಸದನ್ನು ತುಂಬಬೇಕು. ತೆಗೆದ ನೀರು ಶಾಲೆಯ ಹೂದೋಟಕ್ಕೆ ಒಳ್ಳೆಯ ಗೊಬ್ಬರ.

ಕರಗುವ ಎಲೆಗಳು

ನೆಟ್ಟ ಎರಡು ಮೂರು ವಾರಗಳಲ್ಲಿ ಅನೇಕ ತೊಟ್ಟಿಗಳಲ್ಲಿ ಒಂದು ವಿಪತ್ತು ತಲೆದೋರುತ್ತದೆ. ನಿನ್ನೆ ಹಸಿರಾಗಿದ್ದ ಎಲೆಗಳು ಇಂದು ಗಾಜಿನಂತೆ ಪಾರಕವಾಗಿ, ನಾಳೆ ಲೋಳೆಯಾಗಿ ಕರಗುತ್ತವೆ. ಕೆಲವೊಮ್ಮೆ ಒಂದು ವಾರದಲ್ಲಿ ಒಂದೆಲೆಯೂ ಉಳಿಯುವುದಿಲ್ಲ. ಗಿಡ ಸತ್ತಿತೆಂದು ಕಿತ್ತೆಸೆಯುವುದು ಇಂತಹ ಸಮಯದಲ್ಲೇ. ಎಸೆದ ಗಿಡಗಳಲ್ಲಿ ಬಹುಪಾಲು ಜೀವಂತವಾಗಿರುತ್ತವೆ ಎಂಬುದು ವಿಷಾದದ ಸಂಗತಿ.

ಇದರ ಕಾರಣವು ಹಿಂದೆ ಹೇಳಿದ್ದೇ. ಬೆಳೆಗಾರರು ಕುಂಡದ ಗಿಡಗಳನ್ನು ಸಾಮಾನ್ಯವಾಗಿ ತೇವದ ಗಾಳಿಯಲ್ಲಿ, ನೀರಿನ ಹೊರಗೆ ಬೆಳೆಸುತ್ತಾರೆ. ಆ ಎಲೆಗಳು ಗಾಳಿಗಾಗಿ ಹುಟ್ಟಿದವು. ತೊಟ್ಟಿಯಲ್ಲಿ ಮುಳುಗಿದೊಡನೆ ಹೊಳೆಗೆ ಪ್ರವಾಹ ಬಂದಿತೆಂಬಂತೆ ಗಿಡವು ನಡೆದುಕೊಳ್ಳುತ್ತದೆ. ನೀರಿನ ಗುಣದಲ್ಲಾಗಲಿ, ಉಷ್ಣತೆಯಲ್ಲಾಗಲಿ, ಬೆಳಕಿನಲ್ಲಾಗಲಿ ಹಠಾತ್ ಬದಲಾವಣೆಯಾದರೂ ಹೀಗೆಯೇ ಆಗಬಹುದು. ಪಾರ್ವಾದಲ್ಲಿ ಗಾಳಿಯ ಎಲೆಗೂ ನೀರಿನ ಎಲೆಗೂ ವ್ಯತ್ಯಾಸ ಅಲ್ಪವಾದ್ದರಿಂದ ಕರಗುವಿಕೆಯೂ ಕಡಿಮೆ, ವೆಂಡ್ಟಿಯಲ್ಲಿ ಹೆಚ್ಚು.

ಆಗ ಮಾಡಬೇಕಾದ್ದು ಇಷ್ಟೆ: ಕರಗಿದ ಎಲೆಗಳನ್ನು ಬುಡದವರೆಗೆ ಕತ್ತರಿಸಿ ತೆಗೆಯಬೇಕು, ನೀರನ್ನು ಎಂದಿನಂತೆ ಬದಲಾಯಿಸಬೇಕು, ಬುಡವನ್ನು ಮುಟ್ಟದೆ ಬಿಡಬೇಕು. ಬೇರು ಬಿಳಿಯಾಗಿ, ಬುಡವು ಬೆರಳಿಗೆ ಗಟ್ಟಿಯಾಗಿದ್ದರೆ ಗಿಡವು ಬದುಕಿದೆ ಎಂದರ್ಥ. ಮೆತ್ತಗಾಗಿ ದುರ್ವಾಸನೆ ಬಂದರೆ ಮಾತ್ರ ತೆಗೆಯಬೇಕು. ಮೂರರಿಂದ ಆರು ವಾರಗಳೊಳಗೆ, ಬರಿದಾದ ಬುಡದ ನಡುವಿನಿಂದ ಚಾಪೆಯಂತೆ ಸುತ್ತಿಕೊಂಡ ಎಳೆಯ ಎಲೆಯೊಂದು ತಲೆಯೆತ್ತುತ್ತದೆ. ಅದು ನೀರಿಗಾಗಿಯೇ ಹುಟ್ಟಿದ ಎಲೆ. ಈ ಅವಧಿಯಲ್ಲಿ ಗಿಡವನ್ನು ಮೇಲೆತ್ತಿ ನೋಡುವ, ಜಾಗ ಬದಲಿಸುವ ಕುತೂಹಲವನ್ನು ಮಕ್ಕಳಷ್ಟೇ ಅಲ್ಲ, ಹಿರಿಯರೂ ನಿಗ್ರಹಿಸಬೇಕಾಗುತ್ತದೆ.

ಬೇಸಿಗೆಯ ರಜೆ

ಶಾಲೆಯ ತೊಟ್ಟಿಗಳು ಹಾಳಾಗುವುದು ಬಹುತೇಕ ಏಪ್ರಿಲ್, ಮೇ ತಿಂಗಳುಗಳಲ್ಲಿ. ಬೆಂಗಳೂರಿನ ಹವೆ ವರ್ಷದ ಹೆಚ್ಚಿನ ಕಾಲ ಈ ಗಿಡಕ್ಕೆ ಅನುಕೂಲವೇ. 22ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರು ಅದಕ್ಕೆ ಹಿತ. ಆದರೆ 2016ರ ಏಪ್ರಿಲ್ 24ರಂದು ನಗರದಲ್ಲಿ 39.2 ಡಿಗ್ರಿ ದಾಖಲಾದದ್ದನ್ನು ಮರೆಯಲಾಗದು. ನೀರು ಬಿಸಿಯಾದಂತೆ ಅದರಲ್ಲಿ ಕರಗುವ ಆಮ್ಲಜನಕ ಕುಗ್ಗುತ್ತದೆ. ಅಲ್ಲದೆ ನೀರು ಆವಿಯಾದರೂ ಲವಣಗಳು ಆವಿಯಾಗುವುದಿಲ್ಲ. ಗಡಸು ನೀರನ್ನೇ ಮತ್ತೆ ಮತ್ತೆ ಸುರಿದರೆ ತೊಟ್ಟಿಯು ದಿನೇ ದಿನೇ ಇನ್ನಷ್ಟು ಗಡಸಾಗುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಕಳೆದ ನೀರಿನ ಸ್ಥಾನಕ್ಕೆ ಕೂಡಿಟ್ಟ ಮಳೆನೀರನ್ನೇ ಸೇರಿಸಬೇಕು. ರಜೆಗೆ ಮುನ್ನ ದೀಪದ ಅವಧಿಯನ್ನು ಆರು ಗಂಟೆಗೆ ಇಳಿಸಿ, ಸ್ಪಂಜಿನ ಶೋಧಕವನ್ನು ತೊಟ್ಟಿಯದೇ ನೀರಿನಲ್ಲಿ ಹಿಂಡಿ ತೊಳೆದು, ವಾರಕ್ಕೆರಡು ಬಾರಿ ಬಂದು ನೋಡುವ ಹೊಣೆಯನ್ನು ಒಬ್ಬರಿಗೆ ಹೆಸರು ಹಿಡಿದು ವಹಿಸಬೇಕು. ಎಲ್ಲರ ಹೊಣೆಯೆಂದರೆ ಯಾರ ಹೊಣೆಯೂ ಆಗದು. ಎಲೆಗಳನ್ನು ಪದೇ ಪದೇ ಕತ್ತರಿಸುವ ಅಗತ್ಯವಿಲ್ಲದ ಈ ಗಿಡವು ರಜೆಯನ್ನು ಇತರ ಜಲಸಸ್ಯಗಳಿಗಿಂತ ಚೆನ್ನಾಗಿ ದಾಟುತ್ತದೆ.

ವೃದ್ಧಿ ಮತ್ತು ವಿದ್ಯಾರ್ಥಿಗಳು

ಬೇರೂರಿದ ಗಿಡವು ಮರಳಿನಡಿಯಲ್ಲಿ ಹಂಬನ್ನು ಚಾಚಿ, ಒಂದೆರಡು ಅಂಗುಲದಾಚೆ ಮರಿಗಿಡವನ್ನು ಎಬ್ಬಿಸುತ್ತದೆ. ಮರಿಗೆ ನಾಲ್ಕೈದು ಎಲೆಗಳಾಗುವವರೆಗೆ ಬೇರ್ಪಡಿಸಬಾರದು. ಪಾರ್ವಾ ಗಿಡಗಳು ಒಂದಕ್ಕೊಂದು ಕೂಡಿ ಹಸಿರು ಜಮಖಾನೆಯಾಗಲು ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಕು. ಎಂಟನೆಯ ತರಗತಿಯಲ್ಲಿ ಗಿಡವನ್ನು ನೆಟ್ಟ ವಿದ್ಯಾರ್ಥಿಯು ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತುಕೊಳ್ಳುವಾಗ ಅದರ ಪೂರ್ಣ ಶೋಭೆಯನ್ನು ಕಾಣುತ್ತಾನೆ ಎಂದರೆ ಅತಿಶಯೋಕ್ತಿಯಲ್ಲ. ಒಂದು ವಾರದ ಪ್ರಯೋಗಕ್ಕೆ ಕಡಲೆಯ ಮೊಳಕೆ ಉಂಟು; ಮೂರು ವರ್ಷಗಳ ಪ್ರಯೋಗಕ್ಕೆ ಶಾಲೆಗಳಲ್ಲಿ ಸಾಧನಗಳು ವಿರಳ.

ಆದ್ದರಿಂದ ತೊಟ್ಟಿಯ ಪಕ್ಕದಲ್ಲೊಂದು ದಾಖಲೆಯ ಪುಸ್ತಕವಿರಲಿ. ಪ್ರತಿ ಸೋಮವಾರ ನೀರಿನ ಉಷ್ಣತೆ, ಬದಲಾಯಿಸಿದ ನೀರಿನ ಪ್ರಮಾಣ, ಗುರುತು ಹಾಕಿದ ಐದು ಗಿಡಗಳ ಎಲೆಗಳ ಸಂಖ್ಯೆ, ಹೊಸ ಎಲೆ, ಕರಗಿದ ಎಲೆ ಇವನ್ನು ಬರೆದಿಟ್ಟರೆ ಎರಡನೆಯ ವರ್ಷದ ವಿದ್ಯಾರ್ಥಿಗಳು ಮೊದಲನೆಯ ವರ್ಷದ ಅಂಕಗಳೊಡನೆ ಹೋಲಿಸಬಹುದು. ಎಲೆಗಳು ಕರಗಿದ ವಾರಕ್ಕೂ ಅದರ ಹಿಂದಿನ ವಾರದ ಉಷ್ಣತೆಗೂ ಸಂಬಂಧವಿದೆಯೇ ಎಂಬುದನ್ನು ಅವರೇ ಕಂಡುಕೊಂಡರೆ ಅದು ಪಠ್ಯಪುಸ್ತಕವು ಕೊಡಲಾರದ ವಿದ್ಯೆ. ಮೊದಲ ಮಾಸಗಳ ಫಲಿತಾಂಶದಿಂದ ಯಾರ ಯೋಗ್ಯತೆಯನ್ನೂ ಅಳೆಯಬಾರದೆಂಬುದನ್ನು ಬೋಧಕವರ್ಗವೂ ಆ ಪುಸ್ತಕದಿಂದ ಓದಿಕೊಳ್ಳಬಹುದು. ಇಷ್ಟಕ್ಕೆಲ್ಲ ಬೇಕಾದ ವೆಚ್ಚ ದೊಡ್ಡದಲ್ಲ. ತೊಟ್ಟಿಯನ್ನು ದಾನವಾಗಿ ನೀಡುವ ಮಹನೀಯರು ಅದರೊಡನೆ ಮಳೆನೀರಿನ ಪೀಪಾಯಿಯೊಂದನ್ನೂ ಟೈಮರನ್ನೂ ನೀಡಿದರೆ ಆ ದಾನವು ಮೂರನೆಯ ವರ್ಷಕ್ಕೂ ಉಳಿಯುತ್ತದೆ.

ಕೆರೆಗೆ ಸಲ್ಲದ ಕಾಣಿಕೆ

ಕೊನೆಯದಾಗಿ ಹೇಳಬೇಕಾದ ಮಾತು ಎಲ್ಲಕ್ಕಿಂತ ಮುಖ್ಯವಾದದ್ದು. ತೊಟ್ಟಿಯಲ್ಲಿ ಹೆಚ್ಚಾದ ಗಿಡವನ್ನಾಗಲಿ ಬೇಡವಾದ ಮೀನನ್ನಾಗಲಿ ಸಮೀಪದ ಕೆರೆಗೆ ಬಿಡುವುದು ಪುಣ್ಯಕಾರ್ಯವೆಂದು ಅನೇಕರು ಭಾವಿಸುತ್ತಾರೆ. ಜೀವವನ್ನು ಕೊಲ್ಲದೆ ಬಿಟ್ಟೆವೆಂಬ ಸಮಾಧಾನ ಅವರದು. ಆದರೆ ಗಾಜು ಶುಚಿಮಾಡಲೆಂದು ತಂದ, ತೆರೆದ ನೀರಿಗೆ ಬಿಟ್ಟ ಅಮೆರಿಕ ಮೂಲದ ಮೀನು ಇಂದು ದಕ್ಷಿಣ ಭಾರತದ ಹಲವು ಜಲಾಶಯಗಳಲ್ಲಿ ಬೆಸ್ತರ ಬಲೆಗಳನ್ನು ಹರಿದು ಪೀಡೆಯಾಗಿದೆ. ನೇರಳೆ ಹೂವಿನ ಜಲಕಳೆಯೂ ಮೊದಲು ಅಲಂಕಾರಕ್ಕಾಗಿಯೇ ದೇಶಾಂತರ ಬಂದದ್ದು. ಹೆಬ್ಬಾಳ, ಜಕ್ಕೂರು, ಯಲಹಂಕ, ರಾಚೇನಹಳ್ಳಿಯ ಕೆರೆಗಳು ಸಾಲದ್ದಕ್ಕೆ ಈ ಭಾರವನ್ನೂ ಹೊರಬೇಕೆ? 2015ರಲ್ಲಿ ಪಕ್ಷಿಗಳ ಸಂರಕ್ಷಣಾ ಪ್ರದೇಶವಾಗಿ ಘೋಷಿತವಾದ ಯಲಹಂಕದ ಪುಟ್ಟೇನಹಳ್ಳಿ ಕೆರೆಯಂತಹ ನೆಲೆಯಲ್ಲಿ ಹಿಡಿಯಷ್ಟು ಕಳೆಯೂ ಹಕ್ಕಿಗಳ ಮೇವಿನ ಜಾಗವನ್ನು ಮುಚ್ಚಬಲ್ಲದು. ತೆಗೆದ ಅಂತರಗಂಗೆಯನ್ನು ಬಿಸಿಲಿನಲ್ಲಿ ಪೂರ್ಣವಾಗಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಬೇಕು.

ಇದೇ ಮಾತಿನ ಇನ್ನೊಂದು ಮುಖವೂ ಉಂಟು. ಘಟ್ಟಕ್ಕೆ ಪ್ರವಾಸ ಹೋದಾಗ ತೊರೆಯ ಗಿಡವನ್ನು ಕಿತ್ತು ತರುವುದು ಸಲ್ಲದು. ವರ್ಷಕ್ಕೆ ಹತ್ತಾರು ಎಲೆಗಳನ್ನಷ್ಟೇ ತೆರೆಯುವ ಸಸ್ಯದ ಪೊದೆಯೊಂದು ಆ ಮರಳಿನಲ್ಲಿ ನೆಲೆಯೂರಲು ಎಷ್ಟು ಮಳೆಗಾಲಗಳು ಬೇಕಾದವೋ! ಮಕ್ಕಳಿಗೆ ಅದನ್ನು ತೊರೆಯಲ್ಲೇ ತೋರಿಸಿ, ಎಳೆಯೆಲೆಯ ಸುತ್ತುವಿಕೆಯಿಂದ ಅದರ ಜಾತಿಯನ್ನು ಗುರುತಿಸುವುದನ್ನು ಕಲಿಸಿ, ಅಲ್ಲಿಯೇ ಬಿಟ್ಟು ಬರಬೇಕು.

ತೊಟ್ಟಿಯಲ್ಲಿ ಹುಟ್ಟಿದ ಮರಿಗಿಡಗಳಿಗೆ ಯೋಗ್ಯವಾದ ಸ್ಥಾನ ಮತ್ತೊಂದು ಶಾಲೆಯ ತೊಟ್ಟಿ. ಒದ್ದೆ ಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರೆ ಅವು ಎರಡು ಮೂರು ದಿನದ ಪ್ರಯಾಣವನ್ನು ತಾಳುತ್ತವೆ. ಅದರೊಡನೆ ದಾಖಲೆಯ ಪುಸ್ತಕದ ಒಂದು ಪ್ರತಿಯನ್ನೂ, ಎಲೆಗಳು ಕರಗಿದರೆ ಗಿಡವನ್ನು ಎಸೆಯಬಾರದೆಂಬ ಒಂದು ಚೀಟಿಯನ್ನೂ ಕಳುಹಿಸಿಕೊಡುವುದು ಒಳಿತು.